ಕಣ್ಣಿನ ಕೆಳಗಿನ ಸುಕ್ಕು: ಸುಂಕದಕಟ್ಟೆಯ ಬಿಸಿಲು, ದುಡಿಮೆ ಮತ್ತು ಚಿಕಿತ್ಸೆ

ಕೆಳರೆಪ್ಪೆಯ ಅಂಚಿನಿಂದ ಕೆನ್ನೆಮೂಳೆಯವರೆಗಿನ ತೆಳು ಚರ್ಮದಲ್ಲಿ ಮೂಡುವ ಗೆರೆ, ಮಡಿಕೆ, ನೆರಿಗೆಗಳನ್ನು ಒಟ್ಟಾಗಿ ಕಣ್ಣಿನ ಕೆಳಗಿನ ಸುಕ್ಕು ಎನ್ನುತ್ತಾರೆ. ಇದು ರೋಗವಲ್ಲ. ವಯಸ್ಸಿನ ಜೊತೆ ಎಲ್ಲರಿಗೂ ಬರುವಂಥದು. ಆದರೆ ಯಾರಿಗೆ ಎಷ್ಟು ಬೇಗ ಬರುತ್ತದೆ ಎಂಬುದನ್ನು ಬಿಸಿಲು, ಹೊಗೆ, ಕಣ್ಣುಜ್ಜುವ ಅಭ್ಯಾಸ, ದೃಷ್ಟಿದೋಷ, ಹಚ್ಚಿಕೊಳ್ಳುವ ಮುಲಾಮುಗಳು ಬಹುಮಟ್ಟಿಗೆ ನಿರ್ಧರಿಸುತ್ತವೆ. ಇವುಗಳಲ್ಲಿ ಹೆಚ್ಚಿನವು ತಡೆಯಬಹುದಾದವು.

ಬೆಂಗಳೂರಿನ ಪಶ್ಚಿಮದಲ್ಲಿ ಮಾಗಡಿ ರಸ್ತೆಯ ಮೇಲಿರುವ ಸುಂಕದಕಟ್ಟೆ ಈ ವಿಷಯವನ್ನು ನೋಡಲು ತಕ್ಕ ಜಾಗ. ಒಂದು ಕಡೆ ಕಾಮಾಕ್ಷಿಪಾಳ್ಯ, ಸುಮನಹಳ್ಳಿ. ಇನ್ನೊಂದು ಕಡೆ ಹೇರೋಹಳ್ಳಿ, ಶ್ರೀಗಂಧದ ಕಾವಲು. ಉತ್ತರಕ್ಕೆ ಹೆಗ್ಗನಹಳ್ಳಿ ದಾಟಿದರೆ ಪೀಣ್ಯ. ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು, ಲೇತ್ ಮತ್ತು ವೆಲ್ಡಿಂಗ್ ಶೆಡ್ಡುಗಳ ಕೆಲಸಗಾರರು, ಆಟೊ ಓಡಿಸುವವರು, ತಳ್ಳುಗಾಡಿಯವರು ಇಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಸೌಂದರ್ಯ ಚಿಕಿತ್ಸೆಯ ಬರಹಗಳು ಸಾಮಾನ್ಯವಾಗಿ ಹವಾನಿಯಂತ್ರಿತ ಕೋಣೆಯಲ್ಲಿ ಕೂತವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ದಿನವಿಡೀ ಸೂಜಿಯ ಮೇಲೆ ಕಣ್ಣು ನೆಟ್ಟು ದುಡಿಯುವವರ ಮುಖಕ್ಕೆ ಬೇಕಾದ ತಿಳಿವಳಿಕೆ ಬೇರೆ.

ಚರ್ಮದ ರಚನೆ

ಮೈಯ ಚರ್ಮದಲ್ಲೆಲ್ಲ ರೆಪ್ಪೆಯ ಚರ್ಮವೇ ಅತಿ ತೆಳು, ಸುಮಾರು ಅರ್ಧ ಮಿಲಿಮೀಟರ್. ಜಿಡ್ಡು ಸುರಿಸುವ ಗ್ರಂಥಿಗಳು ಇಲ್ಲಿ ಕಡಿಮೆ, ಚರ್ಮದಡಿಯ ಕೊಬ್ಬು ಇಲ್ಲವೇ ಇಲ್ಲ ಎನ್ನುವಷ್ಟು ಅಲ್ಪ. ಅದರ ಕೆಳಗೇ ಕಣ್ಣನ್ನು ಬಳೆಯಂತೆ ಸುತ್ತುವರಿದ ಸ್ನಾಯುವಿದೆ. ನಾವು ನಿಮಿಷಕ್ಕೆ 15ರಿಂದ 20 ಸಲ ರೆಪ್ಪೆ ಬಡಿಯುತ್ತೇವೆ. ನಗುವಾಗ, ಅಳುವಾಗ, ಬಿಸಿಲಿಗೆ ಕಣ್ಣು ಕಿರಿದಾಗಿಸಿದಾಗ ಇದೇ ಸ್ನಾಯು ಚರ್ಮವನ್ನು ಮಡಚುತ್ತದೆ. ಎಳೆಯ ಚರ್ಮ ಮಡಿಕೆಯಿಂದ ಕೂಡಲೇ ಹಿಂದಕ್ಕೆ ಬರುತ್ತದೆ. ಒಳಚರ್ಮದ ಕಾಲಜನ್ ಮತ್ತು ಇಲಾಸ್ಟಿನ್ ಎಳೆಗಳು ಸವೆದ ಮೇಲೆ ಮಡಿಕೆ ಅಲ್ಲೇ ಉಳಿಯುತ್ತದೆ.

ಕಾಲಜನ್ ಹರೆಯ ದಾಟಿದ ಮೇಲೆ ವರ್ಷಕ್ಕೆ ಸುಮಾರು ಶೇ. 1ರಂತೆ ಕುಗ್ಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಈ ಇಳಿತ ಒಮ್ಮೆಲೇ ಜೋರಾಗಿ ಸುಮಾರು ಶೇ. 30ನ್ನು ಮುಟ್ಟುತ್ತದೆ. ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47ರ ಆಸುಪಾಸು, ಅಂದರೆ ಅನೇಕ ಪಾಶ್ಚಾತ್ಯ ದೇಶಗಳಿಗಿಂತ ಕೆಲವು ವರ್ಷ ಮೊದಲೇ. ಹೀಗಾಗಿ ನಮ್ಮ ಹೆಂಗಸರಿಗೆ ಈ ಬದಲಾವಣೆ ದುಡಿಮೆಯ ನಡುಗಾಲದಲ್ಲೇ ಕಾಣಿಸಿಕೊಳ್ಳುತ್ತದೆ.

ಸುಕ್ಕಿನಲ್ಲಿ ಬಗೆಗಳಿವೆ. ನಕ್ಕಾಗ ಮಾತ್ರ ಕಾಣುವ ಗೆರೆ ಸ್ನಾಯುವಿನದು. ಸುಮ್ಮನಿದ್ದಾಗಲೂ ಕಾಣುವುದು ಚರ್ಮದ ಸವೆತದ್ದು. ಸಣ್ಣಸಣ್ಣ ಗೆರೆಗಳು ಹೆಣೆದುಕೊಂಡು ಚರ್ಮ ಒಣಗಿದಂತೆ ಕಾಣುವುದು ಬಹುತೇಕ ಬಿಸಿಲಿನ ಕೆಲಸ. ಇವುಗಳ ಜೊತೆಗೆ ಕಣ್ಣಡಿಯ ಕೊಬ್ಬು ಮುಂದಕ್ಕೆ ಬಂದ ಊತ, ಮೂಗಿನ ಪಕ್ಕದಿಂದ ಇಳಿಯುವ ತಗ್ಗು ಮತ್ತು ಕಪ್ಪು ಬಣ್ಣ ಸೇರಿಕೊಂಡಿರುತ್ತವೆ. ಸುಕ್ಕು, ಊತ, ತಗ್ಗು, ಕಪ್ಪು ಈ ನಾಲ್ಕಕ್ಕೂ ಚಿಕಿತ್ಸೆ ಒಂದೇ ಅಲ್ಲ. ಜನ ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ: ತಗ್ಗಿನ ನೆರಳಿಗೆ ಬಿಳುಪಿನ ಕ್ರೀಮು, ಊತಕ್ಕೆ ಸುಕ್ಕಿನ ಕ್ರೀಮು ಹಚ್ಚುತ್ತಾರೆ, ಫಲ ಕಾಣದೆ ಇನ್ನೊಂದು ಕೊಳ್ಳುತ್ತಾರೆ.

ಕನ್ನಡ ನಾಡಿನ ಬಹುಪಾಲು ಜನರ ಗೋಧಿಬಣ್ಣದ, ಕಂದು ಚರ್ಮದಲ್ಲಿ ಮೆಲನಿನ್ ಹೆಚ್ಚು. ಅದು ಅತಿನೇರಳೆ ಕಿರಣಗಳನ್ನು ತಡೆಯುವುದರಿಂದ ನಮ್ಮಲ್ಲಿ ಸುಕ್ಕು ಬಿಳಿಚರ್ಮದವರಿಗಿಂತ ತಡವಾಗಿ ಬರುತ್ತದೆ. ಕಪ್ಪುಕಲೆ ಮಾತ್ರ ಬೇಗ ಬರುತ್ತದೆ. ಯಾವ ಗಾಯವಾದರೂ, ಉಜ್ಜಾಟವಾದರೂ, ಲೇಸರ್ ಸುಟ್ಟರೂ ಈ ಚರ್ಮ ಕಪ್ಪಾಗಿ ಉತ್ತರ ಕೊಡುತ್ತದೆ. ಮುಂದೆ ಹೇಳುವ ಚಿಕಿತ್ಸೆಗಳನ್ನೆಲ್ಲ ಈ ಒಂದು ಸಂಗತಿಯ ಬೆಳಕಿನಲ್ಲೇ ಅಳೆಯಬೇಕು.

ಬಿಸಿಲು

ಬೆಂಗಳೂರು ತಂಪೂರು ಎಂಬ ಹೆಸರಿನಿಂದಾಗಿ ಇಲ್ಲಿನ ಬಿಸಿಲನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗಾಳಿ ತಂಪಾಗಿದ್ದ ಮಾತ್ರಕ್ಕೆ ಅತಿನೇರಳೆ ಕಿರಣ ಕಡಿಮೆಯಾಗುವುದಿಲ್ಲ. ನಗರ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಸಾವಿರ ಮೀಟರ್ ಮೇಲೇರಿದರೆ ಈ ಕಿರಣಗಳ ಪ್ರಮಾಣ ಸುಮಾರು ಶೇ. 10 ಹೆಚ್ಚುತ್ತದೆ. ಅಕ್ಷಾಂಶ 13 ಡಿಗ್ರಿಯ ಹತ್ತಿರ ಇರುವುದರಿಂದ ವರ್ಷಕ್ಕೆರಡು ಸಲ, ಏಪ್ರಿಲ್ 24ರ ಮತ್ತು ಆಗಸ್ಟ್ 18ರ ಸುಮಾರಿಗೆ, ಮಧ್ಯಾಹ್ನದ ಸೂರ್ಯ ನಡುನೆತ್ತಿಯ ಮೇಲೆ ನಿಲ್ಲುತ್ತಾನೆ. ಶಾಲಾಮಕ್ಕಳು ಶೂನ್ಯ ನೆರಳಿನ ದಿನ ಎಂದು ನೋಡಿ ಸಂಭ್ರಮಿಸುವುದು ಇದನ್ನೇ. ಬೇಸಿಗೆಯ ನಡುಮಧ್ಯಾಹ್ನ ಇಲ್ಲಿನ ಅತಿನೇರಳೆ ಸೂಚ್ಯಂಕ 11ನ್ನು ದಾಟುವುದುಂಟು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅತಿ ತೀವ್ರ ಎಂದು ಗುರುತಿಸುತ್ತದೆ. ಸೂಚ್ಯಂಕ 3 ಆದಾಗಲೇ ಚರ್ಮಕ್ಕೆ ರಕ್ಷಣೆ ಬೇಕು. ತೆಳುಮೋಡದ ಆಷಾಢದ ದಿನಗಳಲ್ಲೂ ಕಿರಣಗಳ ಹೆಚ್ಚಿನ ಪಾಲು ಕೆಳಗಿಳಿಯುತ್ತದೆ.

ಈ ಕಿರಣಗಳಲ್ಲಿ ‘ಎ’ ಬಗೆಯದು ಒಳಚರ್ಮಕ್ಕೆ ಇಳಿದು ಕಾಲಜನ್ ಕಡಿಯುವ ಕಿಣ್ವಗಳನ್ನು ಎಬ್ಬಿಸುತ್ತದೆ. ಮಾಮೂಲಿ ಕಿಟಕಿ ಗಾಜು ಅದನ್ನು ಪೂರ್ತಿ ತಡೆಯುವುದಿಲ್ಲ. 2012ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 69 ವರ್ಷದ ಲಾರಿ ಚಾಲಕರೊಬ್ಬರ ಚಿತ್ರ ಅಚ್ಚಾಯಿತು. 28 ವರ್ಷ ಎಡಗಡೆಯ ಕಿಟಕಿಯ ಪಕ್ಕ ಕೂತು ಓಡಿಸಿದ ಅವರ ಎಡಮುಖ ದಪ್ಪ ಸುಕ್ಕುಗಳಿಂದ ಜೋತಿತ್ತು, ಬಲಮುಖ ಹತ್ತಾರು ವರ್ಷ ಚಿಕ್ಕದಾಗಿ ಕಾಣುತ್ತಿತ್ತು. ನಮ್ಮಲ್ಲಿ ಚಾಲಕ ಬಲಗಡೆ ಕೂರುತ್ತಾನೆ. ಮಾಗಡಿ ರಸ್ತೆಯಲ್ಲಿ ಬಸ್ಸು, ಟೆಂಪೊ ಓಡಿಸುವವರು ತಮ್ಮ ಬಲಗಣ್ಣಿನ ಅಡಿಯನ್ನು ಎಡದ ಜೊತೆ ಕನ್ನಡಿಯಲ್ಲಿ ಹೋಲಿಸಿ ನೋಡಬಹುದು.

ಸನ್‌ಸ್ಕ್ರೀನ್ ಸುಕ್ಕು ತಡೆಯುತ್ತದೆ ಎನ್ನುವುದು ಬರೀ ಜಾಹೀರಾತಿನ ಮಾತಲ್ಲ. ಆಸ್ಟ್ರೇಲಿಯದ ನಂಬೂರ್ ಪಟ್ಟಣದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 55 ವರ್ಷದೊಳಗಿನ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಲಾಯಿತು. ಪ್ರತಿದಿನ ಹಚ್ಚಿದವರಲ್ಲಿ ಚರ್ಮ ಮುಪ್ಪಾಗುವುದು, ಮನಸ್ಸು ಬಂದಾಗ ಹಚ್ಚಿದವರಿಗಿಂತ ಶೇ. 24 ಕಡಿಮೆಯಿತ್ತು. ಕಣ್ಣಡಿಗೆ ಸತುವಿನ ಆಕ್ಸೈಡ್ ಇರುವ ಬಗೆ ಒಳ್ಳೆಯದು, ಬೆವರಿನ ಜೊತೆ ಕಣ್ಣಿಗಿಳಿದರೂ ಉರಿ ಕಡಿಮೆ. ಎಸ್‌ಪಿಎಫ್ 30 ಸಾಕು. ಬಣ್ಣ ಬೆರೆತ ಬಗೆಯಲ್ಲಿರುವ ಕಬ್ಬಿಣದ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುವುದರಿಂದ ಕಪ್ಪುಕಲೆಯ ಸ್ವಭಾವದ ನಮ್ಮ ಚರ್ಮಕ್ಕೆ ಅದು ಮೇಲು.

ಅದನ್ನು ಕೊಳ್ಳಲು ಆಗದವರು ಕೈಚೆಲ್ಲಬೇಕಾಗಿಲ್ಲ. ಹೊಲದಲ್ಲಿ ಕಳೆ ಕೀಳುವ ನಮ್ಮ ಅಜ್ಜಿಯರು ತಲೆಗೆ ಸೆರಗು ಹೊದ್ದು ಹಣೆಯ ಮುಂದಕ್ಕೆ ಎಳೆದುಕೊಳ್ಳುತ್ತಿದ್ದುದು ನಿಜವಾದ ರಕ್ಷಣೆ. ಛತ್ರಿ, ಅಗಲ ಅಂಚಿನ ಟೋಪಿ, ಅತಿನೇರಳೆ ತಡೆಯುವ ಕನ್ನಡಕ ಇವೆಲ್ಲ ಮುಲಾಮಿಗಿಂತ ನಂಬಿಕಸ್ಥ. ಸ್ಕೂಟರ್ ಸವಾರರ ಹೆಲ್ಮೆಟ್ಟಿನ ಪಾಲಿಕಾರ್ಬೊನೇಟ್ ಗಾಜು ಅತಿನೇರಳೆ ಕಿರಣವನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ, ಧೂಳನ್ನೂ ತಡೆಯುತ್ತದೆ. ಅದನ್ನು ಮೇಲೆತ್ತಿ ಓಡಿಸುವುದರಿಂದ ಎರಡೂ ಲಾಭ ಹೋಗುತ್ತವೆ. ರಸ್ತೆಬದಿಯ ಅಗ್ಗದ ಕಪ್ಪು ಕನ್ನಡಕದ ಬಗ್ಗೆ ಎಚ್ಚರವಿರಲಿ. ಬಣ್ಣ ಕಪ್ಪಾಗಿದ್ದೂ ಕಿರಣ ತಡೆಯದಿದ್ದರೆ ಪಾಪೆ ಹಿಗ್ಗಿ ಕಣ್ಣಿಗೇ ಹಾನಿ.

ದುಡಿಮೆಯ ಕಣ್ಣು

ನಲವತ್ತು ದಾಟಿದಂತೆ ಹತ್ತಿರದ ದೃಷ್ಟಿ ಮಂಜಾಗುವುದು ಎಲ್ಲರಿಗೂ ಸಹಜ. ಸೂಜಿಗೆ ದಾರ ಪೋಣಿಸುವುದು, ಹೊಲಿಗೆಯ ಅಂಚು ನೋಡುವುದು, ಎಳೆ ಕತ್ತರಿಸುವುದು ದುಡಿಮೆಯಾಗಿರುವವರು ಕನ್ನಡಕವಿಲ್ಲದೆ ಕಣ್ಣು ಕಿರಿದು ಮಾಡಿ ಕೆಲಸ ಸಾಗಿಸುತ್ತಾರೆ. ದಿನಕ್ಕೆ ಎಂಟು ಗಂಟೆ ಹೀಗೆ ಹಿಂಡಿದ ಸ್ನಾಯು ಕಣ್ಣಡಿಯ ಗೆರೆಯನ್ನು ಆಳವಾಗಿಸುತ್ತದೆ, ಜೊತೆಗೆ ತಲೆನೋವು. ಅಸ್ಸಾಮಿನ ಚಹಾ ತೋಟದಲ್ಲಿ 40 ದಾಟಿದ ಕೆಲಸಗಾರರಿಗೆ ಹತ್ತಿರದ ಕನ್ನಡಕ ಕೊಟ್ಟು ನಡೆಸಿದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರ ಉತ್ಪಾದಕತೆ ಕನ್ನಡಕ ಸಿಗದವರಿಗಿಂತ ಶೇ. 21ಕ್ಕೂ ಹೆಚ್ಚು ಏರಿತು. ಸುಂಕದಕಟ್ಟೆಯ ಹೊಲಿಗೆಯ ಹೆಂಗಸರಿಗೆ ಇದು ನೇರ ಅನ್ವಯಿಸುವ ಮಾತು. ಕೆಲವು ನೂರು ರೂಪಾಯಿಗಳ ಓದುವ ಕನ್ನಡಕ, ನನ್ನ ತೀರ್ಮಾನದಲ್ಲಿ, ಅಂಗಡಿಯ ಯಾವ ಸುಕ್ಕಿನ ಕ್ರೀಮಿಗಿಂತ ಹೆಚ್ಚು ಬೆಲೆಬಾಳುವ ವಸ್ತು.

ವೆಲ್ಡಿಂಗ್ ಶೆಡ್ಡಿನ ಸಂಗತಿ ಇನ್ನೂ ಗಂಭೀರ. ಆರ್ಕ್ ಬೆಳಕು ಸೂರ್ಯನಿಂದ ಭೂಮಿಗೆ ತಲುಪದ ‘ಸಿ’ ಬಗೆಯ ಅತಿನೇರಳೆ ಕಿರಣವನ್ನೂ ಚೆಲ್ಲುತ್ತದೆ. ಬರಿಗಣ್ಣಲ್ಲಿ ನೋಡಿದವನಿಗೆ ಅದೇ ರಾತ್ರಿ ಕಣ್ಣಿಗೆ ಮರಳು ಹೊಕ್ಕಂತೆ ಉರಿ, ನೀರು. ವರ್ಷಗಟ್ಟಲೆ ಹೀಗಾದರೆ ರೆಪ್ಪೆಯ ಚರ್ಮ ಅಕಾಲಕ್ಕೆ ಮುಪ್ಪಾಗುತ್ತದೆ, ಕಣ್ಣಿನ ಮಸೂರಕ್ಕೂ ಪೆಟ್ಟು. ಕೈಯಲ್ಲಿ ಹಿಡಿಯುವ ಗುರಾಣಿ ಒಂದು ಕೈಯನ್ನು ಕಟ್ಟಿಹಾಕುತ್ತದೆ ಎಂದು ಅನೇಕರು ಬಿಟ್ಟುಬಿಡುತ್ತಾರೆ. ತಲೆಗೆ ಹಾಕುವ ಮುಖವಾಡವನ್ನು ಮಾಲೀಕರು ಕೊಡಿಸಬೇಕು. ಪಕ್ಕದಲ್ಲಿ ನಿಂತು ಕಬ್ಬಿಣ ಹಿಡಿದುಕೊಡುವ ಹುಡುಗನಿಗೂ ಕೊಡಿಸಬೇಕು.

ಬೀಡಿ, ಸಿಗರೇಟು ಸೇದುವವರ ಮುಖದಲ್ಲಿ ಸುಕ್ಕು ಬೇಗ ಬರುವುದು ದಶಕಗಳಿಂದ ಗೊತ್ತಿರುವ ವಿಷಯ. ಹೊಗೆ ರಕ್ತನಾಳಗಳನ್ನು ಬಿಗಿಸುತ್ತದೆ, ಕಾಲಜನ್ ಕಡಿಯುವ ಕಿಣ್ವ ಹೆಚ್ಚಿಸುತ್ತದೆ, ಕಣ್ಣು ಹಿಂಡುವಂತೆ ಮಾಡುತ್ತದೆ.

ಉಜ್ಜುವ ಕಣ್ಣು

ಮಕ್ಕಳಲ್ಲೂ ಕಣ್ಣಡಿಯ ಗೆರೆ ಕಾಣುತ್ತದೆ ಎಂದರೆ ಕೆಲವರಿಗೆ ಆಶ್ಚರ್ಯ. ಅಲರ್ಜಿ ಸ್ವಭಾವದ ಮಕ್ಕಳಿಗೆ ಕೆಳರೆಪ್ಪೆಯ ಅಡಿಯಲ್ಲಿ ಒಂದೋ ಎರಡೋ ಸ್ಪಷ್ಟ ಮಡಿಕೆಗಳಿರುತ್ತವೆ. ವೈದ್ಯರು ಇವನ್ನು ಡೆನ್ನಿ-ಮಾರ್ಗನ್ ಗೆರೆ ಎನ್ನುತ್ತಾರೆ. ಬೆಂಗಳೂರಿನ ಧೂಳು, ಪರಾಗ, ಹೊಗೆಗೆ ಮೂಗು ಕಟ್ಟಿ, ಕಣ್ಣು ತುರಿಸಿ, ಮುಂಗೈಯಿಂದ ಗಸಗಸ ಉಜ್ಜಿಕೊಳ್ಳುವ ಮಕ್ಕಳನ್ನು ಇಲ್ಲಿನ ಪ್ರತಿ ಬೀದಿಯಲ್ಲೂ ಕಾಣಬಹುದು. ಉಜ್ಜಾಟ ಚರ್ಮವನ್ನು ಒರಟಾಗಿಸುತ್ತದೆ, ಕಪ್ಪಾಗಿಸುತ್ತದೆ. ಕರಿಗುಡ್ಡೆ ಮೊನಚಾಗಿ ಉಬ್ಬುವ ಕಾಯಿಲೆಗೂ ದಾರಿಯಾಗುತ್ತದೆ. ತಣ್ಣೀರಿನ ಬಟ್ಟೆ ಒತ್ತುವುದು, ವೈದ್ಯರು ಬರೆದ ಅಲರ್ಜಿಯ ಹನಿ ಹಾಕುವುದು ಇದಕ್ಕೆ ಮದ್ದು.

ಖಾಲಿ ಸೈಟುಗಳಲ್ಲಿ ಬೆಳೆಯುವ ಪಾರ್ಥೇನಿಯಂ, ಅಂದರೆ ನಮ್ಮ ಜನ ಹೇಳುವ ಕಾಂಗ್ರೆಸ್ ಗಿಡ, ಇನ್ನೊಂದು ಕಾರಣ. ಇದರ ಕಣಗಳು ಗಾಳಿಯಲ್ಲಿ ಬಂದು ಕೂತು ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಚರ್ಮದುರಿ ಎಬ್ಬಿಸುತ್ತವೆ. ತುರಿಸಿ ತುರಿಸಿ ರೆಪ್ಪೆ ದಪ್ಪಗಾಗಿ, ಗೆರೆಗೆರೆಯಾಗಿ, ನಡುವಯಸ್ಸಿನವರು ಮುದುಕರಂತೆ ಕಾಣುತ್ತಾರೆ. ಈ ಗಿಡವನ್ನು ತಿನ್ನುವ ಮೆಕ್ಸಿಕೊದ ಜೀರುಂಡೆಯನ್ನು ಭಾರತದಲ್ಲಿ ಮೊದಲು ಬಿಟ್ಟದ್ದು ಬೆಂಗಳೂರಿನಲ್ಲೇ, 1984ರಲ್ಲಿ. ಮಳೆಗಾಲದಲ್ಲಿ ಅದು ಎಲೆಗಳನ್ನು ಸಾಕಷ್ಟು ತಿಂದರೂ ಗಿಡ ನಿರ್ಮೂಲವಾಗಲಿಲ್ಲ. ಹೂ ಬಿಡುವ ಮೊದಲೇ ಕೈಗವಸು ಹಾಕಿಕೊಂಡು ಕೀಳುವುದೇ ಬಡಾವಣೆಯವರು ಮಾಡಬಹುದಾದ ಕೆಲಸ.

ಕಾಡಿಗೆಯ ಮಾತೂ ಇಲ್ಲೇ ಬರುತ್ತದೆ. ಹರಳೆಣ್ಣೆ ದೀಪದ ಮಸಿಯಿಂದ ಮನೆಯಲ್ಲಿ ಮಾಡಿದ್ದಾಗಲಿ, ಅಂಗಡಿಯದ್ದಾಗಲಿ, ರಾತ್ರಿ ಅದನ್ನು ಒಣಬಟ್ಟೆಯಿಂದ ತಿಕ್ಕಿ ತೆಗೆಯುವುದು ಕೆಟ್ಟದ್ದು. ಒಂದು ಹನಿ ಕೊಬ್ಬರಿ ಎಣ್ಣೆಯಲ್ಲಿ ಹತ್ತಿ ಅದ್ದಿ, ಒತ್ತಿಹಿಡಿದು ಒರೆಸಿದರೆ ಸಾಕು. ಸೀಸ ಬೆರೆತ ಸುರ್ಮಾವನ್ನು ಮಕ್ಕಳಿಗೆ ಹಚ್ಚಲೇಬಾರದು.

ಎಲ್ಲ ಜೋಲುಚರ್ಮವೂ ವಯಸ್ಸಿನದಲ್ಲ. ಸುಂಕದಕಟ್ಟೆಯ ಮಗ್ಗುಲಿನ ಸುಮನಹಳ್ಳಿಯಲ್ಲಿ ಕುಷ್ಠರೋಗ ಪೀಡಿತರ ಪುನರ್ವಸತಿ ಕೇಂದ್ರ ದಶಕಗಳಿಂದ ನಡೆದುಬಂದಿದೆ. ಕುಷ್ಠರೋಗ ಮುಖದ ನರಕ್ಕೆ ತಾಗಿದರೆ ಕೆಳರೆಪ್ಪೆ ಜೋತು ಕಣ್ಣು ಪೂರ್ತಿ ಮುಚ್ಚದಾಗುತ್ತದೆ. ಗುಣವಾದ ಮೇಲೂ ಕೆಲವರ ಮುಖದಲ್ಲಿ ಅಕಾಲದ ಸುಕ್ಕು ಉಳಿಯುತ್ತದೆ. ಸ್ಪರ್ಶವಿಲ್ಲದ ಮಚ್ಚೆಯ ಜೊತೆ ರೆಪ್ಪೆ ಸಡಿಲವಾದರೆ ಪಾರ್ಲರಿಗಲ್ಲ, ಆಸ್ಪತ್ರೆಗೆ ಹೋಗಬೇಕು. ಇದಕ್ಕೆ ಸರ್ಕಾರ ಕೊಡುವ ಮಾತ್ರೆಗಳು ಉಚಿತ, ರೋಗ ಪೂರ್ತಿ ವಾಸಿಯಾಗುತ್ತದೆ.

ಮನೆಮದ್ದು, ಸೋಪು, ಆಯುರ್ವೇದ

ಚರಕಸಂಹಿತೆ ವಯಸ್ಸನ್ನು ಹಿಡಿದು ನಿಲ್ಲಿಸುವ ಹತ್ತು ಮದ್ದುಗಳನ್ನು ವಯಃಸ್ಥಾಪನ ಗಣವೆಂದು ಹೆಸರಿಸುತ್ತದೆ. ಅಮೃತಬಳ್ಳಿ, ಅಳಲೆ, ನೆಲ್ಲಿ, ಒಂದೆಲಗ, ಪುನರ್ನವ ಅದರಲ್ಲಿವೆ. ಒಂದೆಲಗದ ಅಂಶಗಳು ಕಾಲಜನ್ ಉತ್ಪತ್ತಿಗೆ ಒತ್ತಾಸೆಯಾಗುತ್ತವೆ ಎಂಬುದಕ್ಕೆ ಪ್ರಯೋಗಾಲಯದ ಆಧಾರವಿದೆ. ತಂಬುಳಿ ಮಾಡಿ ತಿಂದರೆ ಕಣ್ಣಡಿಯ ಗೆರೆ ಹೋಗುತ್ತದೆ ಎನ್ನಲು ಆಧಾರವಿಲ್ಲ. ಸೌತೆಕಾಯಿ ಬಿಲ್ಲೆ, ತಣ್ಣನೆಯ ಹಾಲಿನ ಹತ್ತಿ ಊತವನ್ನು ಕೆಲ ಹೊತ್ತು ಇಳಿಸುತ್ತವೆ, ಅಷ್ಟೇ. ನಿಂಬೆರಸ, ಅಡುಗೆ ಸೋಡಾ ಕಣ್ಣಡಿಗೆ ಹಚ್ಚುವುದು ಅಪಾಯ.

ರಾಜಾಜಿನಗರದ ಕೈಗಾರಿಕಾ ಉಪನಗರಕ್ಕೆ 1957ರಲ್ಲಿ ಬಂದ ಮೈಸೂರ್ ಸ್ಯಾಂಡಲ್ ಸೋಪಿನ ಕಾರ್ಖಾನೆ ಈ ಪಶ್ಚಿಮ ಭಾಗದ ಹೆಮ್ಮೆ. ಆದರೆ ತೊಳೆದುಹೋಗುವ ಯಾವ ಸೋಪೂ, ಗಂಧದ್ದಿರಲಿ ಅರಿಸಿನದ್ದಿರಲಿ, ಒಳಚರ್ಮ ಮುಟ್ಟುವುದಿಲ್ಲ. ಸೋಪಿನ ಕ್ಷಾರ ತೆಳುರೆಪ್ಪೆಯನ್ನು ಒಣಗಿಸುವುದರಿಂದ ಕಣ್ಣಡಿಗೆ ನೀರೊಂದೇ ಸಾಕು. ತೊಳೆದ ಮೇಲೆ ಚರ್ಮ ಹಸಿಯಾಗಿರುವಾಗಲೇ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಿದರೆ ಒಣಸುಕ್ಕು ಆ ಹೊತ್ತಿಗೇ ತಗ್ಗಿ ಕಾಣುತ್ತದೆ.

ವೈದ್ಯರ ಚಿಕಿತ್ಸೆ

ಹಚ್ಚುವ ಮದ್ದುಗಳಲ್ಲಿ ಅತಿ ಹೆಚ್ಚು ಪುರಾವೆ ಇರುವುದು ಟ್ರೆಟಿನಾಯಿನ್‌ಗೆ. ಎ ಜೀವಸತ್ವದ ಈ ರೂಪ ಬಿಸಿಲಿನಿಂದ ಹಾಳಾದ ಚರ್ಮವನ್ನು ಸರಿಪಡಿಸುತ್ತದೆ ಎಂದು ಫಿಲಡೆಲ್ಫಿಯದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದರು. ನಮ್ಮಲ್ಲಿ ಇದು ವೈದ್ಯರ ಚೀಟಿಯ ಮೇಲೆ ಕೊಡಬೇಕಾದ ಮದ್ದು. ಕಡಿಮೆ ಬಲದ್ದನ್ನು ವಾರಕ್ಕೆರಡು ರಾತ್ರಿ, ರೆಪ್ಪೆಯ ಅಂಚು ಬಿಟ್ಟು ಕಣ್ಣಗೂಡಿನ ಮೂಳೆಯ ಮೇಲೆ ಮಾತ್ರ ಹಚ್ಚುತ್ತಾ ಮೆಲ್ಲನೆ ಏರಿಸಬೇಕು. ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ಗರ್ಭಿಣಿಯರಿಗೆ ಸಲ್ಲದು. ಅಂಗಡಿಯ ರೆಟಿನಾಲ್ ಇದರ ಸೌಮ್ಯ ತಂಗಿ. ಸಿ ಜೀವಸತ್ವ, ನಿಯಾಸಿನಮೈಡ್ ಕಪ್ಪುಬಣ್ಣಕ್ಕೆ ಸ್ವಲ್ಪ ನೆರವಾಗುತ್ತವೆ.

ಬೊಟುಲಿನಮ್ ಚುಚ್ಚುಮದ್ದಿನ ಹಿನ್ನೆಲೆ ಕಣ್ಣಿನ ಆಸ್ಪತ್ರೆಯದೇ. ಮೆಳ್ಳೆಗಣ್ಣಿಗೆಂದು ಸ್ಯಾನ್ ಫ್ರಾನ್ಸಿಸ್ಕೊದ ಅಲನ್ ಸ್ಕಾಟ್ ರೂಢಿಗೆ ತಂದ ಈ ಮದ್ದನ್ನು ರೆಪ್ಪೆ ಅದುರುವವರಿಗೆ ಕೊಡುತ್ತಿದ್ದ ಕೆನಡಾದ ಕಣ್ಣುವೈದ್ಯೆ ಜೀನ್ ಕರದರ್ಸ್, ಹುಬ್ಬಿನ ನಡುವಿನ ಗೆರೆಗಳೂ ಮಾಯವಾದದ್ದನ್ನು 1987ರಲ್ಲಿ ಗಮನಿಸಿದರು. ಕಣ್ಣಿನ ಹೊರಮೂಲೆಯ ಗೆರೆಗಳಿಗೆ ಅಮೆರಿಕದ ಔಷಧ ಇಲಾಖೆ 2013ರಲ್ಲಿ ಒಪ್ಪಿಗೆ ಕೊಟ್ಟಿತು. ಅಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಮೂರು ನಾಲ್ಕು ತಿಂಗಳು ಉಳಿಯುತ್ತದೆ. ನೇರ ಕಣ್ಣಿನ ಕೆಳಗೆ ಕೊಟ್ಟರೆ ಕೆಳರೆಪ್ಪೆ ಜೋಲುವ ಅಪಾಯವಿದೆ.

ತಗ್ಗಿಗೆ ಹಯಲುರಾನಿಕ್ ಆಮ್ಲದ ಜೆಲ್ ತುಂಬುತ್ತಾರೆ. ಕೈತಪ್ಪಿ ಅದು ರಕ್ತನಾಳಕ್ಕೆ ಹೋದರೆ ಚರ್ಮ ಸತ್ತೀತು. ಅಪರೂಪಕ್ಕೆ ಕಣ್ಣೇ ಹೋಗಿರುವ ಪ್ರಕರಣಗಳು ದಾಖಲಾಗಿವೆ. ಜೆಲ್ ಕರಗಿಸುವ ಹಯಲುರಾನಿಡೇಸ್ ಪಕ್ಕದಲ್ಲಿಲ್ಲದ ಕಡೆ ಇದನ್ನು ಮಾಡಿಸಿಕೊಳ್ಳಬಾರದು. ಲೇಸರ್, ಆಮ್ಲ ಲೇಪನ, ಸೂಜಿ ಚುಚ್ಚುವ ಯಂತ್ರಗಳು ಗಾಯ ಮಾಡಿ ಹೊಸ ಕಾಲಜನ್ ಹುಟ್ಟಿಸುವ ವಿಧಾನಗಳು. ಬಿಳಿಚರ್ಮಕ್ಕೆ ಹೊಂದಿಸಿದ ಬಲದಲ್ಲಿ ನಮ್ಮವರಿಗೆ ಕೊಟ್ಟರೆ ಸುಕ್ಕಿನ ಜಾಗದಲ್ಲಿ ತಿಂಗಳುಗಟ್ಟಲೆ ಕಪ್ಪುಪಟ್ಟೆ ಉಳಿಯುತ್ತದೆ. ಕೊಬ್ಬಿನ ಊತ, ಹೆಚ್ಚಾದ ಚರ್ಮಕ್ಕೆ ಶಸ್ತ್ರಚಿಕಿತ್ಸೆಯೊಂದೇ ನಿಜವಾದ ಉತ್ತರ. ಒಳರೆಪ್ಪೆಯ ಮೂಲಕ ಮಾಡಿದರೆ ಹೊರಗೆ ಗಾಯದ ಗುರುತೂ ಕಾಣದು.

ಎಲ್ಲಿ ತೋರಿಸುವುದು? ತಿಂಗಳಿಗೆ 21,000 ರೂಪಾಯಿಯವರೆಗೆ ಕೂಲಿಯಿರುವ ಕಾರ್ಖಾನೆ ಕೆಲಸಗಾರರ ಸಂಬಳದಿಂದ ನೌಕರರ ವಿಮಾ ಯೋಜನೆಯಾದ ಇಎಸ್‌ಐಗೆ ಶೇ. 0.75 ಕಡಿತವಾಗುತ್ತದೆ, ಮಾಲೀಕರು ಶೇ. 3.25 ಕಟ್ಟುತ್ತಾರೆ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಅಲರ್ಜಿ, ಚರ್ಮದುರಿ, ದೃಷ್ಟಿ ಪರೀಕ್ಷೆ ಪಡೆಯಲು ಹೀಗೆ ಹಣ ಕಟ್ಟಿದವರಿಗೆ ಹಕ್ಕಿದೆ. ಬರೀ ಅಂದಕ್ಕಾಗಿ ಮಾಡುವ ಚಿಕಿತ್ಸೆಯನ್ನು ಅಲ್ಲಿ ನಿರೀಕ್ಷಿಸಲಾಗದು. ಇಎಸ್‌ಐ ಇಲ್ಲದವರಿಗೆ 1896ರಲ್ಲಿ ಶುರುವಾದ ಸರ್ಕಾರಿ ಮಿಂಟೊ ಕಣ್ಣಾಸ್ಪತ್ರೆ ಇದೆ. ಖಾಸಗಿ ಕ್ಲಿನಿಕ್ಕಿಗೆ ಹೋಗುವವರು ಅದು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿತವೇ, ಸೂಜಿ ಹಿಡಿಯುವವರು ಚರ್ಮವೈದ್ಯರೇ ಎಂದು ಕೇಳಿಯೇ ಮುಂದುವರಿಯಬೇಕು.

ಸ್ಟೀರಾಯ್ಡ್ ಮುಲಾಮು

ಇವೆಲ್ಲಕ್ಕಿಂತ ಹೆಚ್ಚಿನ ಹಾನಿ ನಡೆಯುತ್ತಿರುವುದು ಮೆಡಿಕಲ್ ಶಾಪಿನ ಸಣ್ಣ ಟ್ಯೂಬುಗಳಿಂದ. ಕಣ್ಣಡಿಯ ಕಪ್ಪು ಹೋಗಲೆಂದು ಅಕ್ಕಪಕ್ಕದವರೋ ಪಾರ್ಲರಿನವರೋ ಹೇಳಿದ ಕ್ರೀಮಿನಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲ ವಾರಗಳಲ್ಲಿ ಮುಖ ಬೆಳ್ಳಗಾಗುತ್ತದೆ. ತಿಂಗಳುಗಳಾದ ಮೇಲೆ ಚರ್ಮ ಇನ್ನಷ್ಟು ತೆಳುವಾಗಿ ಸಿಗರೇಟು ಹಾಳೆಯಷ್ಟು ಸುಲಭವಾಗಿ ಸುಕ್ಕುತ್ತದೆ, ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ. ಬಿಟ್ಟರೆ ಉರಿ, ಮೊಡವೆ, ಹಾಗಾಗಿ ಬಿಡಲಾಗದು. ಕಣ್ಣಿನ ಹತ್ತಿರ ಹಚ್ಚುವುದರಿಂದ ಕಣ್ಣಿನ ಒತ್ತಡ ಏರಿ ಗ್ಲಾಕೋಮ ಬರಬಹುದು, ಪೊರೆಯೂ ಬರಬಹುದು. ಗ್ಲಾಕೋಮದಿಂದ ಹೋದ ದೃಷ್ಟಿ ಮರಳುವುದಿಲ್ಲ. ಇಂಥ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿದೆ. ಆದರೂ ಕೇಳಿದವರಿಗೆ ಕೊಡುವ ಅಂಗಡಿಗಳಿವೆ.

ಮನೆಯಲ್ಲಿರುವ ಟ್ಯೂಬನ್ನು ಈಗಲೇ ತೆಗೆದು ಸಣ್ಣ ಅಕ್ಷರಗಳನ್ನು ಓದಿ. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್, ಫ್ಲುಸಿನೊಲೋನ್ ಇವುಗಳಲ್ಲಿ ಒಂದು ಹೆಸರಿದ್ದರೂ ಅದನ್ನು ಕಣ್ಣಡಿಗೆ ಹಚ್ಚುವಂತಿಲ್ಲ. ತಿಂಗಳುಗಳಿಂದ ಹಚ್ಚುತ್ತಿದ್ದರೆ ನೀವಾಗಿಯೇ ಒಮ್ಮೆಲೇ ನಿಲ್ಲಿಸದೆ, ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ಈ ವಾರ ಚರ್ಮವೈದ್ಯರನ್ನು ಕಾಣಿ. ಕಣ್ಣಿನ ಒತ್ತಡವನ್ನೂ ಪರೀಕ್ಷಿಸಿಕೊಳ್ಳಿ.